ಮಾವನ ಬಾಯಿ ಮೂಸಿ ನೋಡಿದ ದಿನ

1988ರ ಬೇಸಿಗೆಯಲ್ಲಿ, ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಸ್ಕ್ಯಾನಿಂಗ್ ಯಂತ್ರದ ತೆರೆ ನೋಡುತ್ತ ನನ್ನ ಸೋದರಮಾವನ ಹೊಟ್ಟೆಯೊಳಗೆ ಸೂಜಿಯಿಂದ ಆಲ್ಕೋಹಾಲ್ ಹಾಕಲಾಯಿತು. ಮಾವ ಅದುವರೆಗೆ ಹೆಂಡದಂಗಡಿ ಇದ್ದ ಓಣಿಗೂ ಕಾಲಿಟ್ಟವರಲ್ಲ.

ಅವರು ಮಾನ್ವಿಯ ಕಾಳಿನ ವ್ಯಾಪಾರಿ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ವಾಸಿಯಾಗುವುದಿಲ್ಲ ಎಂದು ಹೈದರಾಬಾದಿನಲ್ಲಿ ಹೇಳಿ ಕಳಿಸಿದ್ದರು. ಮಾವ ಅದನ್ನು ಒಪ್ಪಿಕೊಂಡಿದ್ದರು. ಒಪ್ಪದೇ ಇದ್ದದ್ದು ಬೇರೆ: ನೋವಿಗೆ ಬೆನ್ನು ನೆಟ್ಟಗೆ ಮಾಡಿ ಕೂರಲಾಗದೆ, ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಮಾಡುವ ಮುಂಜಾನೆಯ ಪೂಜೆ ನಿಂತುಹೋಗಿತ್ತು. ಮಲಗಿಯೇ ಮಾಡಬಹುದೆಂದು ಮಠದ ಸ್ವಾಮಿಗಳು ಹೇಳಿಕಳಿಸಿದಾಗ, "ಮಕ್ಕೊಂಡು ಮಾಡಾಕ ಅದೇನು ರೇಡಿಯೋ ಕೇಳೂದೇನು?" ಎಂದಿದ್ದರು.

ಡಾಕ್ಟರು ವಿವರಿಸಿದರು. ಜಠರದ ಹಿಂದೆ ನರಗಳದೊಂದು ಗಂಟು ಇರುತ್ತದೆ. ಅದನ್ನು ಶುದ್ಧ ಆಲ್ಕೋಹಾಲಿನಿಂದ ಸಾಯಿಸಿದರೆ ನೋವು ಮಿದುಳಿಗೆ ಮುಟ್ಟುವುದಿಲ್ಲ.

"ಅಂದ್ರ ಹೆಂಡ-ಶೆರಿ," ಎಂದರು ಮಾವ.

"ಔಷಧರೀ ಯಜಮಾನ್ರ. ಬಾಯಿಗೆ ಹಾಕಂಗಿಲ್ಲ, ಸೂಜೀಲೆ."

"ಎತ್ತಾಗಿಂದ ಹೋದ್ರೂ ಒಳಗೇ ಹೋಗ್ತದಲ್ಲ? ಕುಡೀತಾನಂತ ನನ್ನ ತಮ್ಮನ್ನೇ ಹೊಸ್ತಿಲ ದಾಟಾಕ ಬಿಟ್ಟಿಲ್ಲ ನಾನು. ಈಗ ನಾನೇ ಕುಡುದು ಪೂಜಾಕ್ಕ ಕೂಡ್ಲೇನು?"

ಅತ್ತೆಗೆ ತಾಳ್ಮೆ ಮುಗಿದಿತ್ತು. "ಸಂಕ್ರಾಂತಿಯಿಂದ ಒದರಾಕತ್ತೀರಿ. ಓಣ್ಯಾಗ ನಾಯಿ ಸುದ್ದಾ ಬೊಗಳೂದು ಬಿಟ್ಟಾವ. ಹಾಕಿಸ್ಕೋರಿ ಸುಮ್ನ."

ಮಾವ ಒಂದು ಷರತ್ತಿನ ಮೇಲೆ ಒಪ್ಪಿದರು. ಸೂಜಿ ಹಾಕಿದ ಮೇಲೆ ಅವರ ಬಾಯಿ ಮೂಸಿ, ಕುಡಿದಂತಾಗಿದೆಯೋ ಇಲ್ಲವೋ ಹೇಳಲು ತಿಳಿದವರು ಬೇಕು. ನಮ್ಮ ಕುಟುಂಬದಲ್ಲಿ ತಿಳಿದವನು ಒಬ್ಬನೇ ಇದ್ದ. ದೇವದುರ್ಗದಿಂದ ಆ ತಮ್ಮನನ್ನೇ ಕರೆಸಲಾಯಿತು. ತಪಾಸಣೆ ಕೆಡಬಾರದೆಂದು ಆತ ಹಿಂದಿನ ದಿನ ಏನೂ ಮುಟ್ಟದೆ ಬಂದಿದ್ದ. ಹೀಗಾಗಿ ರೋಗಿಗಿಂತ ಹೆಚ್ಚು ಅವನೇ ನಡುಗುತ್ತಿದ್ದ.

ಸ್ಕ್ಯಾನಿಂಗ್ ಕೋಣೆಯ ಹೊರಗೆ ಬಸುರಿಯರ ಸಾಲಿತ್ತು. "ಯವ್ವಾ, ಗಂಡಸ್ರಿಗೂ ನೋಡ್ತಾರೇನು ಇದ್ರಾಗ?" ಎಂದು ಗಬ್ಬೂರಿನ ಹೆಂಗಸೊಬ್ಬಳು ಕೇಳಿದಳು.

ಒಳಗೆ ಇನ್ನೊಂದು ತೊಡಕು. ಸೂಜಿ ಚುಚ್ಚಬೇಕಾದ ಜಾಗದಲ್ಲೇ ಕೊರಳಿನ ಲಿಂಗ ಬಿದ್ದಿತ್ತು. ತೆಗೆಯುವಂತಿಲ್ಲ. ಅತ್ತೆಯನ್ನು ಒಳಗೆ ಕರೆದು, ದಾರ ಕೊರಳಲ್ಲಿದ್ದಂತೆಯೇ ಲಿಂಗವನ್ನು ಅತ್ತೆಯ ಅಂಗೈಯಲ್ಲಿ ಹಿಡಿಸಲಾಯಿತು. ತೆರೆಯ ಮೇಲೆ ಬೂದು ಬಣ್ಣದ ಮಬ್ಬು. ನಡುವೆ ದೊಡ್ಡ ರಕ್ತನಾಳ ಕಪ್ಪಗೆ ಬಡಿದುಕೊಳ್ಳುತ್ತಿತ್ತು. ಅದರ ಪಕ್ಕಕ್ಕೆ ಸೂಜಿಯ ಬಿಳಿ ಗೆರೆ ಇಳಿಯಿತು. ಮಾವ ಒಮ್ಮೆ "ಉರೀತದ" ಎಂದರು, ಅಷ್ಟೆ.

ಸಂಜೆ ಎದ್ದು ಕುಳಿತರು. ಬೆನ್ನು ನೆಟ್ಟಗಿತ್ತು. ನೋವಿಲ್ಲ ಎಂದು ಹೇಳಿ ನಿಂತರು. ನಿಂತವರು ತೂರಾಡಿ ತಮ್ಮನ ಮೇಲೆ ಬಿದ್ದರು.

"ನೋಡಲೇ, ಏರಿತು ನನಗ!"

ಈ ಚಿಕಿತ್ಸೆಯ ನಂತರ ಎದ್ದು ನಿಂತರೆ ರಕ್ತದೊತ್ತಡ ಇಳಿಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮಾವ ಅದನ್ನು ಕೇಳಲು ತಯಾರಿರಲಿಲ್ಲ. ತಮ್ಮನತ್ತ ಬಾಯಿ ತೆರೆದರು. ಆತ ಮೂಸಿದ. ಮತ್ತೊಮ್ಮೆ ಮೂಸಿದ.

"ಅಣ್ಣಾ, ಇದು ಅದಲ್ಲ. ನಿನಗ ಕಣ್ಣಿಗಿ ಕತ್ಲಿ ಬಂದದ."

"ಹೆಂಗ ಹೇಳ್ತಿ?"

"ಏರಿದವ ಏರಿತು ಅಂತ ಎಂದಾದ್ರೂ ಒಪ್ಪ್ಯಾನೇನು?"

"ಆಣಿ ಮಾಡು."

"ಯಾರ ಮ್ಯಾಲ ಮಾಡ್ಲಿ? ನನ್ನ ಆಣಿ ನೀ ಯಾವಾಗ ನಂಬೀದಿ?"

ಮಾವ ನಕ್ಕರು. ನಗುವಾಗ ಹೊಟ್ಟೆ ಹಿಡಿದುಕೊಳ್ಳಲಿಲ್ಲ.

ಮಾನ್ವಿಗೆ ಮರಳಿದ ಮರುದಿನ ಮುಂಜಾನೆ ಅವರು ಕುಳಿತು ಪೂಜೆ ಮಾಡಿದರು. ಶ್ರಾವಣದಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ಪ್ರತಿ ಸೋಮವಾರ ಪೂಜೆಗೆ ಮೊದಲು, ಆ ತಮ್ಮ ದೇವದುರ್ಗದಿಂದ ಬಸ್ಸಿನಲ್ಲಿ ಬಂದು, ಹೊಸ್ತಿಲು ದಾಟಿ ಒಳಗೆ ಹೋಗಿ, ಅಣ್ಣನ ಬಾಯಿ ಮೂಸಿ ನೋಡುತ್ತಿದ್ದ.