ನೀಲಕ್ಕನ ಎರಡು ಹೊಟ್ಟೆಯ ದೋಣಿ

ಊರು ಬಿಟ್ಟು ಕೂಲಿಗೆ ಬಂದ ಈ ಕಟ್ಟಡದ ಸೈಟಿನಲ್ಲಿ ಇವತ್ತೂ ನೀರಿಲ್ಲ, ಮೇಸ್ತ್ರಿಯ ಬೈಗುಳ ನಿಲ್ಲಲಿಲ್ಲ. ಅದರ ಮೇಲೆ ಊಟದ ಹೊತ್ತಿಗೆ ಜೊತೆಯ ಹುಡುಗ ಮೊಬೈಲಿನಲ್ಲಿ ದೋಣಿ ರೇಸು ತೋರಿಸಿದ. ಟನಲ್ ಬೋಟ್ ಅಂತೆ. ಅಡಿಯಲ್ಲಿ ಎರಡು ಹೊಟ್ಟೆ, ನಡುವೆ ಗಾಳಿ ನುಗ್ಗುವ ಸುರಂಗ. ನನ್ನ ಮೈಯೆಲ್ಲ ಉರಿಯಿತು.

ವಡಗೇರಾ ಕಡೆಯ ನಮ್ಮೂರಲ್ಲಿ, ಭೀಮಾ ದಂಡೆಯ ಮೇಲೆ, ನನ್ನ ಅಕ್ಕ ನೀಲಮ್ಮ ಅಂಥದ್ದನ್ನು ಎಂದೋ ಕಟ್ಟಿದ್ದಳು. ಜಿಡ್ಡು ವಾಸನೆಯ ಖಾಲಿ ಎಣ್ಣೆ ಡಬ್ಬಿಗಳ ಎರಡು ಸಾಲು, ನಡುವೆ ಮೊಳದಷ್ಟು ಸಂದು, ಮೇಲೆ ಹಲಗೆ. ಹರಿಗೋಲು ಪಂದ್ಯದಲ್ಲಿ ಗೆದ್ದವರಿಗೆ ವರ್ಷವಿಡೀ ಜನರನ್ನು ಹೊಳೆ ದಾಟಿಸುವ ಕೆಲಸ ಸಿಗುತ್ತಿತ್ತು. ಅಕ್ಕನಿಗೆ ಅದು ಬೇಕಿತ್ತು.

ನಮ್ಮಲ್ಲಿ ಹೊರಡುವ ಮುಂಚೆ ಹರಿಗೋಲನ್ನು ನಿಂತಲ್ಲೇ ಒಂದು ಸುತ್ತು ತಿರುಗಿಸಿ ಹೊಳೆಗೆ ಕೈ ಮುಗಿಯಬೇಕು. ದುಂಡನೆಯ ಹರಿಗೋಲು ಬುಗುರಿಯಂತೆ ತಿರುಗುತ್ತದೆ. ಅಕ್ಕನದು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಆಕೆ ಹಾಗೆಯೇ ಹುಟ್ಟು ಹಾಕಿ, ಎಲ್ಲರಿಗಿಂತ ಮೊದಲು ಆಚೆ ದಂಡೆ ಮುಟ್ಟಿದಳು.

"ಸುತ್ತ ಹಾಕದ್ದು ದೋಣಿನ ಅಲ್ಲವ್ವಾ," ಅಂದ ಪಂದ್ಯದ ತೀರ್ಪು ಹೇಳುತ್ತಿದ್ದ ನಮ್ಮ ದೊಡ್ಡಪ್ಪ, ಬೀಡಿ ಕಚ್ಚಿಕೊಂಡೇ.

"ಮಂದೀನ ದಾಟಿಸ್ಬೇಕೋ, ಗಿರಗಿರ ಕುಣಿಸ್ಬೇಕೋ, ದೊಡ್ಡಪ್ಪಾ?"

"ಬಾಯಿ ಭಾಳ ಆಗ್ಯಾದ ನಿಂದು. ಮನಿಗಿ ನಡಿ."

ಕೆಲಸ ಅವನ ಮಗನಿಗೆ ಹೋಯಿತು, ಹಲಗೆ ನಮ್ಮ ಒಲೆಗೆ. ಆ ಬೆಂಕಿಯಲ್ಲಿ ಬೆಂದ ರೊಟ್ಟಿಯನ್ನು ಅಕ್ಕ ಮುಟ್ಟಲಿಲ್ಲ.

ಈಗ ವಿಡಿಯೋ ಅವಳಿಗೆ ಕಳಿಸಿದ್ದೇನೆ. ಅದರಲ್ಲಿ ಒಂದು ದೋಣಿಯೂ ನಿಂತಲ್ಲಿ ತಿರುಗುವುದಿಲ್ಲ.

"ಹೋಗ್ಲಿ ಬಿಡೋ ತಮ್ಮಾ," ಅಂತಾಳೆ.

"ಬಿಡಂಗಿಲ್ಲಕ್ಕಾ. ನಾಳಿ ಮುಂಜಾನಿ ಎಂಟಕ್ಕ ಫೋನ್ ಮಾಡ್ತೀನಿ. ವಿಡಿಯೋ ತೋರ್ಸಿ ಫೋನ್ ದೊಡ್ಡಪ್ಪನ ಕೈಯಾಗ ಕೊಡು."