ಹಿಮದಲ್ಲಿ ಹದಿನೇಳು ಬೀಜಗಳು

ಹಾಲಿನ ಪುಡಿಯ ಹಳೆಯ ಡಬ್ಬಿಯನ್ನು ಕಪಾಟಿನ ಮೇಲಿನ ಹಲಗೆಯಿಂದ ಇಳಿಸುವಾಗ ಒಳಗೆ ಏನೋ ಉರುಳಿತು. ಒಣಗಿದ, ಗಟ್ಟಿಯಾದ, ಸಣ್ಣ ಸದ್ದು. ಮುಚ್ಚಳ ತೆಗೆಯುವ ಮೊದಲೇ ನನಗೆ ಗೊತ್ತಾಯಿತು, ಖರ್ಜೂರದ ಬೀಜಗಳು, ಮೂರು. ಇಪ್ಪತ್ತು ಇದ್ದಾಗ ಆ ಡಬ್ಬಿ ಮಾಡುತ್ತಿದ್ದ ಸದ್ದು ಬೇರೆ. ಅದು ದಿನದಿನಕ್ಕೆ ತೆಳುವಾಗುತ್ತ ಹೋದದ್ದನ್ನು ನಾನು ಹತ್ತನೆಯ ವಯಸ್ಸಿನಲ್ಲಿ, ಹಿಮ ಬೀಳುವ ಒಂದು ಊರಿನಲ್ಲಿ, ಇದೇ ಕಿವಿಯಿಂದ ಕೇಳಿದವಳು. ಉಮ್ಮ ತೀರಿಕೊಂಡು ವರ್ಷವಾಗಿತ್ತು. ಅವರ ಕಪಾಟನ್ನು ಶುಕ್ರವಾರ ಬೆಳಗ್ಗೆ ಹತ್ತರಿಂದ ಹನ್ನೊಂದರೊಳಗೆ ಖಾಲಿ ಮಾಡುವುದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದೆ. ಡಬ್ಬಿ ಹಿಡಿದು ಮಂಚದ ಮೇಲೆ ಕೂತವಳು ಏಳುವಾಗ ಮಧ್ಯಾಹ್ನದ ಜುಮಾ ನಮಾಜಿನ ಬಾಂಗ್ ಆಗಿತ್ತು.

ನಾನು ಬೆಳೆದದ್ದು ಸೌದಿಯ ಇದೇ ಯಾನ್ಬುವಿನಲ್ಲಿ, ಸಮುದ್ರದ ಪಕ್ಕದ ಕ್ವಾರ್ಟರ್ಸಿನಲ್ಲಿ. ಆ ಸಾಲುಮನೆಗಳು ಈಗ ಇಲ್ಲ, ಅಲ್ಲೀಗ ಟ್ಯಾಂಕರುಗಳು ನಿಲ್ಲುತ್ತವೆ. ಉಡುಪಿ ಕಡೆಯಿಂದ ಬಂದ ನನ್ನ ಬಾಪ ಪಂಪ್‌ಹೌಸಿನಲ್ಲಿ ಸೂಪರ್‌ವೈಸರ್. ಪಂಪು ನಿಲ್ಲಬಾರದು, ಗೇಜಿನ ಮುಳ್ಳು ಗೆರೆ ದಾಟಬಾರದು ಎಂಬ ಕಟ್ಟುನಿಟ್ಟನ್ನು ಅವರು ಮನೆಗೂ ತಂದಿದ್ದರು. ಊಟ ಒಂದು ಗಂಟೆಗೆ ಎಂದರೆ ಒಂದು ಗಂಟೆಗೆ. ಐದು ನಿಮಿಷ ತಡವಾಗಿ ಬಂದವರು ನಿಂತುಕೊಂಡು ಉಣ್ಣಬೇಕು. ಉಮ್ಮನಿಗೂ ರಿಯಾಯಿತಿ ಇರಲಿಲ್ಲ. ಮುಂದೆ ನಾನು ಶಾಲೆಯಲ್ಲಿ ಟೀಚರಾಗಿ ವರ್ಷ ವರ್ಷವೂ ವೇಳಾಪಟ್ಟಿ ಬರೆಯುವ ಕೆಲಸವನ್ನು ಕೇಳಿ ಪಡೆಯುತ್ತಿದ್ದೆ. ಅದು ಅವರಿಂದ ಬಂದ ಗುಣ.

ಬಾಪನ ಮೇಲಿನ ಇಂಜಿನಿಯರ್ ಕೆನಡಾದ ಕ್ವಿಬೆಕ್ ನಗರದವರು. ಅಲ್ಲಿ ಎಲ್ಲರೂ ಆಡುವುದು ಫ್ರೆಂಚ್, ಆದ್ದರಿಂದ ಪ್ಲಾಂಟಿನಲ್ಲಿ ಎಲ್ಲರೂ ಅವರನ್ನು ಫ್ರೆಂಚಿನಲ್ಲೇ 'ಮುಸ್ಯು', ಅಂದರೆ ಸಾಹೇಬರು, ಎನ್ನುತ್ತಿದ್ದರು. ಆ ಚಳಿಗಾಲ ಯಂತ್ರಗಳ ದುರಸ್ತಿ ಇದ್ದುದರಿಂದ ಮುಸ್ಯು ಊರಿಗೆ ಹೋಗುವ ಹಾಗಿರಲಿಲ್ಲ. ಖಾಲಿ ಮನೆಯಲ್ಲಿ ಹೀಟರ್ ನಿಂತರೆ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ, ನೀನಾದರೂ ಹೋಗಿ ಮೂರು ವಾರ ಇದ್ದು ಬಾ ಎಂದು ಬಾಪನ ಕೈಗೆ ಮನೆಯ ಕೀಲಿ ಕೊಟ್ಟರು. ಉಮ್ಮನಿಗೆ ಆಗ ಮೈಯಲ್ಲಿ ರಕ್ತ ಕಡಿಮೆಯಿತ್ತು. ವಾಪಸು ಬಂದ ಮೇಲೆ ಜಿದ್ದಾದಲ್ಲಿ ಹೊಟ್ಟೆಯ ಆಪರೇಷನ್ ಎಂದು ದಿನ ಗೊತ್ತಾಗಿತ್ತು. ಅಷ್ಟರೊಳಗೆ ಚೆನ್ನಾಗಿ ಉಣ್ಣಿಸಿ, ವಿಶ್ರಾಂತಿ ಕೊಡಿ, ಉಪವಾಸ ಮಾತ್ರ ಬೇಡ ಎಂದು ಡಾಕ್ಟರು ಹೇಳಿದ್ದರು. ಬಾಪ ಇದನ್ನೂ ಪಂಪ್‌ಹೌಸಿನ ಸೂಚನೆಯ ಹಾಗೆಯೇ ತೆಗೆದುಕೊಂಡರು.

ನಾವು ನಾಲ್ವರೂ, ಬಾಪ, ಉಮ್ಮ, ನಾನು ಮತ್ತು ಆರು ವರ್ಷದ ತಮ್ಮ ಸಲೀಮ, ಉಡುಗೊರೆಗೆ ಸುತ್ತಿದ ಪೊಟ್ಟಣಗಳಂತೆ ಬಟ್ಟೆ ಸುತ್ತಿಕೊಂಡು ಆ ಊರಿನಲ್ಲಿ ಇಳಿದೆವು. ಉಸಿರೆಳೆದರೆ ಮೂಗಿನೊಳಗಿನ ಕೂದಲು ಬಿಗಿಯಾಗುವ ಚಳಿ. ಮನೆಗಳ ಹೊರಗೆ ಕಬ್ಬಿಣದ ಮೆಟ್ಟಿಲು, ಕೆಳಗೆ ದೊಡ್ಡ ನದಿಯಲ್ಲಿ ಒಂದಕ್ಕೊಂದು ಉಜ್ಜಿಕೊಂಡು ಸಾಗುವ ಮಂಜುಗಡ್ಡೆಯ ಚಪ್ಪಡಿಗಳು. ಬೆಳಗ್ಗೆ ಬ್ರೆಡ್ ಅಂಗಡಿಯಿಂದ ಬೆಣ್ಣೆ ಸುಟ್ಟ ವಾಸನೆ ಬೀದಿಯುದ್ದಕ್ಕೂ ಬರುತ್ತಿತ್ತು. ಅಂಗಡಿಯ ಮುದುಕಿ "ಬೋಂಜೂರ್" ಎಂದರೆ ಬಾಪ ಟೋಪಿ ತೆಗೆದು "ವಾಲೈಕುಂ" ಎಂದುಬಿಡುತ್ತಿದ್ದರು. ಮೊದಲ ದಿನವೇ ಫ್ರಿಜ್ಜಿನ ಬಾಗಿಲಿಗೆ ವೇಳಾಪಟ್ಟಿ ಅಂಟಿತು. ಏಳಕ್ಕೆ ಚಾ, ಒಂಬತ್ತಕ್ಕೆ ನಡಿಗೆ, ಒಂದಕ್ಕೆ ಊಟ. ಎರಡು ಹೊತ್ತು ಹೀಟರಿನ ಉಷ್ಣತೆ ಬರೆದಿಡುವುದು ನನ್ನ ಕೆಲಸ.

ಎರಡನೆಯ ದಿನ ಅಂಗಳದಲ್ಲಿ ಯಾರೂ ಮುಟ್ಟದ ಹಿಮವನ್ನು ಬೊಗಸೆಯಲ್ಲಿ ತಂದು ಉಮ್ಮನ ಬಾಯಿಯ ಹತ್ತಿರ ಹಿಡಿದೆ. "ತಿಂದು ನೋಡಿ ಉಮ್ಮ, ಎಂತ ರುಚಿಯೂ ಇಲ್ಲ!" ಉಮ್ಮ ನಕ್ಕು ಮುಖ ತಿರುಗಿಸಿದರು. ಮರುದಿನವೂ ಹಾಗೆಯೇ. ಬೆಳಗಿನ ಚಾಕ್ಕೆ ಕರೆದರೆ "ನಂದು ಆಗಲೇ ಆಯ್ತು" ಅನ್ನುವುದು. ಒಂದು ಗಂಟೆಗೆ ನಮಗೆ ಬಡಿಸಿ, ಹೊಟ್ಟೆಯುಬ್ಬರ ಎಂದು ಒಳಗೆ ಹೋಗುವುದು. ನನ್ನ ಕೈಯ ಹಿಮವನ್ನು ಅವರು ಬೇಡವೆಂದದ್ದು ನನಗೆ ದೊಡ್ಡ ಅವಮಾನವಾಗಿತ್ತು.

ಆ ದಿನ ನಾಲ್ಕು ಗಂಟೆಗೆ ಹೀಟರಿನ ಅಂಕಿ ನೋಡಲು ಅಡುಗೆಮನೆಗೆ ಹೋದೆ. ಹೊರಗೆ ಸೂರ್ಯ ಮುಳುಗಿ ಹಿಮವೆಲ್ಲ ನೀಲಿಯಾಗಿತ್ತು. ಉಮ್ಮ ಕಿಟಕಿಯನ್ನು ಒಂದು ಗೇಣು ತೆರೆದು, ಅಂಚಿನಲ್ಲಿ ಕೂತ ಹಿಮವನ್ನು ಎರಡು ಬೆರಳಿನಲ್ಲಿ ಚಿವುಟಿ, ಮದೀನಾದ ಒಂದು ಖರ್ಜೂರದ ಜೊತೆ ಬಾಯಿಗಿಟ್ಟು ಕಣ್ಣು ಮುಚ್ಚಿದ್ದರು. ಆಮೇಲೆ ಹಾಲಿನ ಪುಡಿಯ ಡಬ್ಬಿಯಿಂದ ಒಂದು ಒಣ ಬೀಜ ತೆಗೆದು ಕಿಟಕಿಯಾಚೆ ಬಿಟ್ಟರು. ಅದು ಬಿದ್ದ ಸದ್ದೇ ಆಗಲಿಲ್ಲ.

ನನ್ನನ್ನು ಕಂಡು ಬೆಚ್ಚಿದರು. "ಬಾಪನಿಗೆ ಹೇಳ್ಬೇಡ ಮಗಳೇ. ನಿನ್ನನ್ನೂ ಸಲೀಮನನ್ನೂ ಹೆತ್ತ ಕಾಲದಲ್ಲಿ ಬಿಟ್ಟುಹೋದ ನೋಂಬು ಇದು, ಇಪ್ಪತ್ತು ಇತ್ತು. ಆಪರೇಷನ್‌ಗೆ ಮೊದಲು ಮುಗಿಸ್ಬೇಕು. ಆಮೇಲೆ ಎಂತಾಗ್ತದೋ ಯಾರು ಕಂಡದ್ದು?"

"ಡಾಕ್ಟರು ಬೇಡ ಹೇಳಿದ್ದಾರಲ್ಲ?"

"ಇಲ್ಲಿ ಹಗಲು ಎಷ್ಟುಂಟು ಮಾರಾಯ್ತಿ! ಬೆಳಗಾಯ್ತು ಅನ್ನುವಾಗ ಕತ್ತಲೆ. ಈ ಊರು ನನಗಾಗಿಯೇ ಮಾಡಿದ ಹಾಗೆ ಉಂಟು."

ರಂಜಾನಿನಲ್ಲಿ ತಪ್ಪಿದ ಉಪವಾಸಗಳನ್ನು ಹೆಂಗಸರು ಚಳಿಗಾಲದ ಕಿರುಹಗಲಿನಲ್ಲಿ ಹಿಡಿದು ತೀರಿಸುವುದು ನಮ್ಮಲ್ಲಿ ಹಿಂದಿನಿಂದ ಇರುವುದೇ. ಯಾರಿಗೂ ಹೇಳಿಕೊಂಡು ಮಾಡುವುದಿಲ್ಲ. ತಪ್ಪಿದ ಒಂದೊಂದಕ್ಕೆ ಒಂದೊಂದು ಬೀಜ ಹಾಕಿಟ್ಟು, ಹಿಡಿದಾಗ ಒಂದನ್ನು ಎಸೆಯುವುದು ಉಮ್ಮನದೇ ಕ್ರಮ. ಬಾಪನಿಗೆ ಸುಳ್ಳು ಹೇಳುವ ಮನೆಯಲ್ಲಿ ನಾನು ಹುಟ್ಟಿರಲಿಲ್ಲ. ಆ ಸಂಜೆ ಅವರ ಮುಖ ನೋಡಲಾಗದೆ ಹೊಟ್ಟೆನೋವೆಂದು ಮಲಗಿದೆ.

ಐದನೆಯ ದಿನ ಬೆಳಗ್ಗೆ ಫ್ರಿಜ್ಜಿನ ಮುಂದೆ ನಿಂತು ನನಗೆ ಸಿಟ್ಟೇ ಬಂತು. ವೇಳಾಪಟ್ಟಿ ಬದಲಾಗಿತ್ತು. 'ಊಟ ೧.೦೦' ಎಂಬುದರ ಮೇಲೆ ಸ್ಕೇಲು ಇಟ್ಟು ನೇರ ಗೆರೆ ಎಳೆದು, ಪಕ್ಕದಲ್ಲಿ '೪.೧೫' ಎಂದು ಬಾಪ ಬರೆದಿದ್ದರು. ನನಗೆ ನೆನಪಿರುವ ಮಟ್ಟಿಗೆ ಅವರು ಒಮ್ಮೆ ಬರೆದದ್ದನ್ನು ಹೊಡೆದುಹಾಕಿದ್ದು ಅದೊಂದೇ ಸಲ.

"ನಾಲ್ಕೂಕಾಲಿಗೆ ಯಾರಾದ್ರೂ ಊಟ ಮಾಡ್ತಾರಾ ಬಾಪ?"

"ಚಳಿ ಊರಿನಲ್ಲಿ ಕತ್ತಲಾದ ಮೇಲೆ ಉಂಡರೆ ಮೈಗೆ ಹಿಡಿಯುವುದು. ಮಧ್ಯಾಹ್ನ ಮಕ್ಕಳಿಗೆ ಬ್ರೆಡ್ ಸಾಕು," ಎಂದು ಅವರು ಪೇಪರಿನ ಹಿಂದೆ ಹೋದರು. ಆ ಪೇಪರು ಫ್ರೆಂಚಿನದು, ಅವರಿಗೆ ಅದರಲ್ಲಿ ಒಂದಕ್ಷರ ಬರುತ್ತಿರಲಿಲ್ಲ.

ಆಮೇಲಿನ ದಿನಗಳಷ್ಟು ಕ್ರಮವಾದ, ಸಂತೋಷದ ದಿನಗಳು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಉಮ್ಮ ನಾಲ್ಕಕ್ಕೆ ಕಿಟಕಿಯ ಹತ್ತಿರ ಒಬ್ಬರೇ ಇರುವಂತೆ ಬಾಪ ಆ ಹೊತ್ತಿಗೆ ಸಲೀಮನನ್ನೂ ನನ್ನನ್ನೂ ಹೊರಗೆ ಮೆಟ್ಟಿಲಿನ ಹಿಮ ಗೋರಲು ಕರೆದೊಯ್ಯುತ್ತಿದ್ದರು. ಒಳಗೆ ಬಂದರೆ ಕುಚ್ಚಲಕ್ಕಿ ಗಂಜಿಯ ಹಬೆ, ಹುರಿದ ಮೀನು, ಊರಿನಿಂದ ತಂದ ಮಾವಿನಮಿಡಿ. ಬಾಪ ಉಮ್ಮನ ಬಟ್ಟಲಿಗೆ ಎರಡನೆಯ ಮೀನು ಹಾಕುತ್ತಿದ್ದರು. ಒಬ್ಬರು ಹೇಳಲಿಲ್ಲ, ಇನ್ನೊಬ್ಬರು ಕೇಳಲಿಲ್ಲ. ಮಲಗುವ ಮುಂಚೆ ನಾನು ಡಬ್ಬಿ ಅಲ್ಲಾಡಿಸಿ ಕೇಳುತ್ತಿದ್ದೆ. ಹನ್ನೆರಡು, ಎಂಟು, ಐದು. ವಸಂತದಲ್ಲಿ ಹಿಮ ಕರಗಿದಾಗ ಕಿಟಕಿಯ ಕೆಳಗೆ ಖರ್ಜೂರದ ಬೀಜಗಳನ್ನು ಕಂಡು ಬ್ರೆಡ್ ಅಂಗಡಿಯ ಮುದುಕಿ ಏನೆಂದುಕೊಂಡಾಳು ಎಂದು ಯೋಚಿಸಿ ನಗು ಬರುತ್ತಿತ್ತು.

ಹೊರಡಲು ಮೂರು ದಿನ ಉಳಿದಿದ್ದಾಗ, ಬೆಳಗ್ಗೆ ಏಳಕ್ಕೆ, ಉಮ್ಮ ನಮ್ಮ ಜೊತೆ ಮೇಜಿಗೆ ಬಂದು ಕೂತು ಚಾ ಕುಡಿದರು. ಕಣ್ಣು ಕೆಂಪಾಗಿತ್ತು. ಹೆಂಗಸರಿಗೆ ತಿಂಗಳಲ್ಲಿ ಕೆಲವು ದಿನ ಉಪವಾಸವಿಲ್ಲ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಬಾಪನಿಗೆ ತಿಳಿಯಿತು. ತಮ್ಮ ಪಾಲಿನ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಅದನ್ನು ಉಮ್ಮನ ತಟ್ಟೆಗೆ ದಾಟಿಸಿದರು. ಡಬ್ಬಿಯಲ್ಲಿ ಮೂರು ಬೀಜ ಉಳಿದಿತ್ತು.

ಆಪರೇಷನ್ ಆಯಿತು, ಉಮ್ಮ ಬದುಕಿದರು. ಆದರೆ ಸಕ್ಕರೆ ಕಾಯಿಲೆಯೂ ಸೇರಿಕೊಂಡು ಉಪವಾಸ ಶಾಶ್ವತವಾಗಿ ನಿಂತಿತು. ಅಲ್ಲಿಂದಾಚೆಯ ರಂಜಾನುಗಳಿಗೆ ಬದಲಾಗಿ ಬಡವರಿಗೆ ಅನ್ನ ಕೊಡುತ್ತಿದ್ದರು. ಆ ಮೂರಕ್ಕೂ ಹಾಗೆ ಮಾಡಬಹುದಲ್ಲ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಅದು ಬೇರೆ. ಅದನ್ನು ನಾನೇ ಹಿಡಿಯಬೇಕು" ಎಂದರು. ಬಾಪ ಹೋದರು, ಕ್ವಾರ್ಟರ್ಸು ಹೋಯಿತು, ಉಮ್ಮ ಕೊನೆಯ ವರ್ಷಗಳನ್ನು ನನ್ನ ಮನೆಯಲ್ಲಿ ಕಳೆದರು. ಡಬ್ಬಿಯೂ ಅವರ ಜೊತೆ ಬಂದಿತ್ತು.

ಸತ್ತವರ ಉಳಿದ ಉಪವಾಸವನ್ನು ಮಕ್ಕಳು ಹಿಡಿಯಬಹುದು. ನಜ್ರಾನಿನಲ್ಲಿರುವ ಸಲೀಮನಿಗೆ ಫೋನ್ ಮಾಡಿ, ಮುಂದಿನ ಸೋಮವಾರದಿಂದ ಮೂರು ದಿನ ನಾನು ಹಿಡಿಯುತ್ತೇನೆ ಎಂದೆ. ಅವನಿಗೆ ಇದೆಲ್ಲ ಆ ದಿನದವರೆಗೂ ಗೊತ್ತಿರಲಿಲ್ಲ.

"ಎಂತ ಅಕ್ಕ, ಮೂರನ್ನೂ ನೀನೇ ನುಂಗ್ತೀಯಾ? ಆಗ ಹಿಮ ಗೋರಿದ್ದು ನಾನು. ನನಗೊಂದು ಬಿಡು."

"ನಿನ್ನ ಗ್ಯಾಸ್ಟ್ರಿಕ್?"

"ಬಾಪನ ಹಾಗೆ ಮಾತಾಡ್ಬೇಡ," ಎಂದ.

ಸೋಮವಾರ ಅವನದು, ಮಂಗಳವಾರ ಮತ್ತು ಬುಧವಾರ ನನ್ನದು ಎಂದಾಯಿತು. ಬುಧವಾರ ಸಂಜೆ ಕೊನೆಯ ಬೀಜ ತೆಗೆಯಲು ಡಬ್ಬಿ ಬಗ್ಗಿಸಿದಾಗ ತಳದಲ್ಲಿ ಹಾಸಿದ್ದ ಕಾಗದವೂ ಜಾರಿ ಬಂತು. ಬರಿಯ ಹಾಸು ಎಂದುಕೊಂಡಿದ್ದೆ. ನಾಲ್ಕು ಮಡಿಕೆ ಬಿಡಿಸಿದೆ. ಮೂಲೆಗಳಲ್ಲಿ ಹಳದಿಯಾದ ಟೇಪು, ಮಧ್ಯದಲ್ಲಿ ಸ್ಕೇಲಿನ ಒಂದು ನೇರ ಗೆರೆ, ಪಕ್ಕದಲ್ಲಿ ೪.೧೫.

ಬಾಂಗ್ ಆಯಿತು. ಫ್ರೀಜರಿನ ಗೋಡೆಗೆ ಕಟ್ಟಿದ ಬಿಳಿಯ ಮಂಜನ್ನು ಉಗುರಿನಿಂದ ಚೂರು ಕೆರೆದು, ಖರ್ಜೂರದ ಜೊತೆ ಬಾಯಿಗಿಟ್ಟುಕೊಂಡೆ. ಎಂತ ರುಚಿಯೂ ಇರಲಿಲ್ಲ. ಕಿಟಕಿ ತೆರೆದು ಉಮ್ಮನ ಕೊನೆಯ ಬೀಜವನ್ನು ಆಚೆ ಬಿಟ್ಟೆ. ಅಲ್ಲಿ ಹಿಮದಲ್ಲಿ ಬಿದ್ದ ಹದಿನೇಳಕ್ಕೂ ಸದ್ದಿರಲಿಲ್ಲ. ಇದು ಅಂಗಳದ ಕಲ್ಲಿನ ಮೇಲೆ ಒಮ್ಮೆ ಟಿಕ್ ಎಂದಿತು. ಆಮೇಲೆ ಡಬ್ಬಿಯನ್ನು ತೊಳೆದು, ಒಣಗಲೆಂದು ಬೋರಲು ಹಾಕಿದೆ.