ಬಿಳಿ ನಿಲುವಂಗಿ ಕಾವಿಯಾದ ಕತೆ

"ಇವರು ನನ್ನ ಅಣ್ಣ" ಎನ್ನಲು ಎಷ್ಟು ಹೊತ್ತು ಬೇಕು? ಒಂದು ಉಸಿರೆಳೆದು ಬಿಡುವಷ್ಟು. ಹನ್ನೆರಡು ವರ್ಷಗಳ ಹಿಂದೆ ನಾನು ಅಷ್ಟನ್ನೂ ಹೇಳಲಿಲ್ಲ.

ಅಣ್ಣ ಪಾದ್ರಿ. ನಾನು ನಾಯ್ಮಾರ್ಮೂಲೆಯಲ್ಲಿ ದರ್ಜಿ. (ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರದ ತಪ್ಪುಗಳನ್ನು ಸಂಪಾದಕರು ತಿದ್ದುತ್ತಾರೆ, ಉಳಿದವು ನನ್ನವೇ.)

ಅಣ್ಣ ಬೋವಿಕಾನದ ಆಚೆ, ತೋಟದ ಕೂಲಿಯವರಿಗಾಗಿ ಮುಳಿಹುಲ್ಲಿನ ಇಗರ್ಜಿ (ಚರ್ಚು) ಕಟ್ಟಿದರು. ಅಲ್ಲಿನ ಧಣಿಗೆ ಅದು ಸರಿಬರಲಿಲ್ಲ. ಇಗರ್ಜಿಗೆ ಬೆಂಕಿ ಬಿತ್ತು. ಅಣ್ಣ ಹಲಸಿನ ಮರದಡಿ ಪೂಜೆ ಮಾಡಿದರು. ಆಮೇಲೆ ಅಪ್ಪಣೆಯಾಯಿತು: ಪಾದ್ರಿಗೆ ಬಾವಿಯ ನೀರಿಲ್ಲ, ಕ್ಷೌರವಿಲ್ಲ, ಬಟ್ಟೆ ಒಗೆಯುವವರಿಲ್ಲ. ಊರು ಬಿಟ್ಟರೆ ಮಾತ್ರ ಬಿಡುಗಡೆ.

ಅಣ್ಣ ಬಿಡಲಿಲ್ಲ. ಗಡ್ಡ ಎದೆಗಿಳಿಯಿತು. ತೋಡಿನಲ್ಲಿ ಹರಿಯುವ ಕೆಮ್ಮಣ್ಣಿನ ನೀರಿನಲ್ಲಿ ತಾವೇ ಒಗೆದು ಒಗೆದು ಬಿಳಿ ನಿಲುವಂಗಿ ಕಾವಿಯಾಯಿತು. ಪಾದ್ರಿಯನ್ನು ಓಡಿಸಲು ಹೊರಟವರು ಒಬ್ಬ ಸನ್ಯಾಸಿಯನ್ನು ತಯಾರು ಮಾಡಿದ್ದರು!

ಒಂದು ದಿನ ಕೂದಲು ಕತ್ತರಿಸಿಕೊಳ್ಳಲು ಎಂಟು ಮೈಲು ನಡೆದು ನನ್ನ ಅಂಗಡಿಗೇ ಬಂದರು. (ಕತ್ತರಿ ಯಾವುದಾದರೇನು?) ನನ್ನ ಗ್ರಹಚಾರ, ಬೆಂಚಿನ ಮೇಲೆ ಅದೇ ಧಣಿಯ ಪಾರುಪತ್ಯಗಾರ ಕೂತಿದ್ದ. ಧಣಿಯ ಮಗಳ ಮದುವೆಯ ಹೊಲಿಗೆಯೆಲ್ಲ ನನಗೆ ಕೊಡಲು ಬಂದಿದ್ದ. ಅಣ್ಣ ಬಾಯಿ ತೆರೆಯುವ ಮೊದಲೇ, ತಿಂಡಿಗೆಂದು ಇಟ್ಟಿದ್ದ ಬಾಳೆಹಣ್ಣನ್ನು ಭಿಕ್ಷೆಯ ಹಾಗೆ ಅವರ ಕೈಗಿಟ್ಟೆ.

"ಸ್ವಾಮಿ, ಮುಂದಿನ ಅಂಗಡಿಗೆ ಹೋಗಿ."

ಹೆದರಿಕೆಗೆ ಎಷ್ಟು ಬೇಗ ಬುದ್ಧಿ ಓಡುತ್ತದೆ ನೋಡಿ! ಒಳ್ಳೆಯ ಕೆಲಸಕ್ಕೆ ಯಾಕೆ ಓಡುವುದಿಲ್ಲ?

ಅಣ್ಣ ನನ್ನನ್ನು ನೋಡಿದರು. ಹಣ್ಣು ತೆಗೆದುಕೊಂಡರು.

ಪಾರುಪತ್ಯಗಾರನಿಗೆ ಗುರುತೇ ಸಿಗಲಿಲ್ಲ. ನನ್ನನ್ನೇ ಗದರಿದ. "ಎಂತ ಮಾರಾಯ, ಒಂದೇ ಹಣ್ಣಾ? ಮುಖದಲ್ಲಿ ಎಂಥ ಕಳೆ ಉಂಟು ನೋಡು." ಎದ್ದು ಅಣ್ಣನ ಕಾಲಿಗೂ ಬಿದ್ದ. "ಸ್ವಾಮಿಗಳು ಒಮ್ಮೆ ನಮ್ಮ ಊರಿಗೆ ಬರಬೇಕು."

"ನಿಮ್ಮ ಊರಿನಲ್ಲೇ ಇದ್ದೇನೆ," ಎಂದರು ಅಣ್ಣ.

"ಕೇಳಿದೆಯಾ? ವೇದಾಂತ," ಎಂದು ಅವನು ನನಗೆ ವಿವರಿಸಿದ.

ಅಣ್ಣ ಅದೇ ಗಡ್ಡದಲ್ಲಿ ಎಂಟು ಮೈಲು ವಾಪಸು ನಡೆದರು. ಮದುವೆಯ ಹೊಲಿಗೆ ನನಗೆ ಸಿಕ್ಕಿತು.

ಕೂಲಿಯವರು ಕದ್ದುಮುಚ್ಚಿ ತಂದ ಗಂಜಿಯಲ್ಲೇ ಅಣ್ಣ ಮತ್ತೂ ಎರಡು ವರ್ಷ ಕಳೆದರು. ಕೊನೆಗೆ ಬೇಸರ ಬಂದದ್ದು ಧಣಿಗೆ! ಈಗ ಅಲ್ಲಿ ಹಂಚಿನ ಇಗರ್ಜಿ ಇದೆ.

ಕಳೆದ ವಾರ ಅಣ್ಣ ಅಂಗಡಿಗೆ ಬಂದಿದ್ದರು. ಗಿರಾಕಿಗಳಿಗೆ ಇದೇ ಕತೆ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದರು. ಒಬ್ಬ ಕೇಳಿದ, "ಆ ದರ್ಜಿ ಯಾರು ಪಾದ್ರಿಗಳೇ?"

"ಯಾವುದೋ ಊರಿನವ. ಪಾಪ, ಹೆದರಿದ್ದ."

ನನ್ನ ಮಾನ ಉಳಿಸಲು ಪಾದ್ರಿಯೊಬ್ಬರು ಸುಳ್ಳು ಹೇಳಬೇಕೇ? ನಾನು ಮೆಷಿನ್ ನಿಲ್ಲಿಸಿದೆ.

"ಆ ದರ್ಜಿ ನಾನೇ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ತಪ್ಪಾಯಿತು, ಅಣ್ಣ."